ಆಣೆ ಮತ್ತು ಎಣಿಕೆ



ದತ್ತಿ ಎಂದ ಮೇಲೆ ಅದಕ್ಕೊಂದು ಹೆಸರಿರುವುದು ವಾಡಿಕೆ. ತಂದೆಯ ಹೆಸರು, ತಾಯಿಯ ಹೆಸರು, ಅಕಾಲದಲ್ಲಿ ಹೋದ ಮಗನ ಹೆಸರು. ಇವತ್ತಿನ ದತ್ತಿಗೆ ಹೆಸರಿಲ್ಲ. ಹಣ ಇಟ್ಟವರು ತಮ್ಮ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಬಾರದು, ವೇದಿಕೆಯಿಂದ ಹೇಳಬಾರದು ಎಂದು ಷರತ್ತು ಬರೆಸಿದ್ದಾರೆ. ಸ್ವಾಗತ ಕೋರಿದ ಕಾರ್ಯದರ್ಶಿಗಳು ದಾನಿಗಳನ್ನು ನೆನೆಯುವ ಜಾಗಕ್ಕೆ ಬಂದಾಗ ತಡವರಿಸಿದ್ದು ನಿಮಗೂ ಗೊತ್ತಾಗಿರಬೇಕು. ನನಗೆ ಇದರಲ್ಲಿ ಇರುಸುಮುರುಸಿಲ್ಲ. ಮೂವತ್ತು ವರ್ಷ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ದುಡಿದವಳು ನಾನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಡಿ-ಅಡಿಕ್ಷನ್ ವಾರ್ಡಿನಲ್ಲಿ, ಹೆಸರು ಹೇಳಬೇಡಿ ಎನ್ನುವವರ ನಡುವೆ. ಇವತ್ತು ನಾನು ಮಾತಾಡಲಿರುವ ಜನರಿಗೂ ಹೆಸರಿಲ್ಲ, ಊರಿಲ್ಲ. ಗುರುತು ಹತ್ತದ ಹಾಗೆ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿದ್ದೇನೆ. ಇನ್ನೊಂದು ಮಾತು: ನನಗೆ ಶಾಲು ಹೊದಿಸುವುದು ಬೇಡ ಎಂದು ಬರೆದಿದ್ದೆ. ಸಂಘಟಕರು ಅದನ್ನು ವಿನಯ ಎಂದುಕೊಂಡರು. ವಿನಯವಲ್ಲ.

ವಿಷಯ ಸಣ್ಣದು. ಕುಡಿತ ಬಿಟ್ಟವರು ತಮ್ಮ ಗುಂಪಿನಲ್ಲಿ ಒಂದು ತಿಂಗಳು, ಮೂರು ತಿಂಗಳು, ಒಂದು ವರ್ಷ, ಹತ್ತು ವರ್ಷ ಎಂದು ದಿನ ಗುರುತಿಸಿ ಚಪ್ಪಾಳೆ ತಟ್ಟುತ್ತಾರಲ್ಲ, ಅದರ ಬಗ್ಗೆ.

ನಾನು ಮೊದಲು ನೋಡಿದ ಇಂಥ ಸಭೆ ನಡೆದದ್ದು ಒಂದು ಶಾಲೆಯ ಕೊಠಡಿಯಲ್ಲಿ, ಸಂಜೆ ಆರೂವರೆಗೆ. ಮಕ್ಕಳ ಬೆಂಚುಗಳಲ್ಲಿ ದೊಡ್ಡ ಗಂಡಸರು ಮೊಣಕಾಲು ಮುದುಡಿಕೊಂಡು ಕೂತಿದ್ದರು. ಕರಿಹಲಗೆಯ ಮೇಲೆ ಏಳರ ಮಗ್ಗಿ ಅಳಿಸಿರಲಿಲ್ಲ. ಆವತ್ತು ಲಾರಿ ಓಡಿಸುವವರೊಬ್ಬರಿಗೆ ಒಂದು ವರ್ಷ ತುಂಬಿತ್ತು. ಬೇಕರಿಯಿಂದ ತಂದ ಸಣ್ಣ ಕೇಕು, ಮೇಲೆ ಒಂದೇ ಮೇಣದಬತ್ತಿ. ತಲೆ ನರೆತ, ಹೊಟ್ಟೆ ಬಂದ ಆ ಮನುಷ್ಯ ಬಗ್ಗಿ ಅದನ್ನು ಊದಿದರು. ಎಲ್ಲರೂ ಹುಟ್ಟುಹಬ್ಬದ ಹಾಡು ಹಾಡಿದರು.

ನನಗೆ ನಗು ಬಂತು, ಒಳಗೊಳಗೇ ಸಿಟ್ಟೂ ಬಂತು. ಕುಡಿಯದೆ ಇರುವುದು ಕೋಟಿಗಟ್ಟಲೆ ಜನ ದಿನವೂ ಸದ್ದಿಲ್ಲದೆ ಮಾಡುವ ಕೆಲಸ. ಈ ಮನುಷ್ಯನ ಹೆಂಡತಿ ಜನ್ಮದಲ್ಲಿ ಕುಡಿದವರಲ್ಲ. ಅವರಿಗೆ ಕೇಕು ತಂದವರು ಯಾರು?

ಆಮೇಲೆ ಹಿತ್ತಾಳೆ ಬಣ್ಣದ ಒಂದು ಬಿಲ್ಲೆ ಬಂತು, ಹಳೆಯ ಕಾಲದ ದೊಡ್ಡ ನಾಣ್ಯದ ಹಾಗೆ. ಅದನ್ನು ಸೀದಾ ಅವರ ಕೈಗೆ ಕೊಡಲಿಲ್ಲ. ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಪ್ರತಿಯೊಬ್ಬರೂ ಒಂದು ಗಳಿಗೆ ಅಂಗೈಯಲ್ಲಿಟ್ಟುಕೊಂಡು ಪಕ್ಕದವರಿಗೆ ಕೊಡಬೇಕು. ಹಿಂದಿನ ಬೆಂಚಿನಲ್ಲಿ ನಾನು ವಾರ್ಡಿನಿಂದ ಕರೆದುಕೊಂಡು ಹೋಗಿದ್ದ ಹುಡುಗ ಕೂತಿದ್ದ. ಇಪ್ಪತ್ತೆಂಟರ ವಯಸ್ಸು, ಬಿಟ್ಟು ಒಂಬತ್ತನೇ ದಿನ, ಕೈನಡುಕ ಪೂರ್ತಿ ಹೋಗಿರಲಿಲ್ಲ. ಬಿಲ್ಲೆ ಅವನ ಕೈಗೆ ಬಂತು. ಅವನು ಮುಂದಕ್ಕೆ ಕೊಡಲಿಲ್ಲ. ಮುಷ್ಟಿ ಕಟ್ಟಿ, ಆ ಮುಷ್ಟಿಯನ್ನು ಇನ್ನೊಂದು ಕೈಯಿಂದ ಹಿಡಿದು ಕೂತುಬಿಟ್ಟ. ಯಾರೂ ಅವಸರ ಮಾಡಲಿಲ್ಲ. ಲಾರಿಯವರು ಮುಂದೆ ನಿಂತು ಕಾದರು. ಕೊನೆಗೆ, "ಇಟ್ಕೋ ತಮ್ಮಾ, ಇನ್ನೊಂದ್ ಸ್ವಲ್ಪ ಹೊತ್ತು ಇಟ್ಕೋ. ಅದು ನಂದೇ, ಎಲ್ಲೂ ಓಡೋಗಲ್ಲ" ಎಂದರು. ಆ ಚಪ್ಪಾಳೆ ಯಾರಿಗಾಗಿ ಎಂಬುದು ನನಗೆ ಮಬ್ಬುಮಬ್ಬಾಗಿ ಹೊಳೆದದ್ದು ಆವತ್ತೇ.

ಕುಡುಕರ ಮನೆಯಲ್ಲಿ ಆಣೆಗೆ ಬರವಿಲ್ಲ. ತಾಯಿಯ ಮೇಲೆ ಆಣೆ, ಮಗಳ ತಲೆ ಮುಟ್ಟಿ ಆಣೆ, ಮಂಜುನಾಥನ ಆಣೆ, ಮಾದೇಶ್ವರನ ಆಣೆ. ವಾರ್ಡಿಗೆ ಸೇರಿಸುವಾಗ ಹೆಂಡತಿಯನ್ನು ಕೂರಿಸಿಕೊಂಡು ಹಿಂದಿನದನ್ನೆಲ್ಲ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಹಿಂದೆ ಎಷ್ಟು ಸಲ ಬಿಟ್ಟಿದ್ದರು ಎಂದರೆ ಉತ್ತರ ಸಿಗುತ್ತಿತ್ತು. ಎಷ್ಟು ಸಲ ಆಣೆ ಮಾಡಿದ್ದರು ಎಂದರೆ ಅವರು ನನ್ನ ಮುಖ ನೋಡುತ್ತಿದ್ದರು, ಮಳೆಹನಿ ಎಣಿಸಿ ಎಂದು ನಾನು ಕೇಳಿದ ಹಾಗೆ. ಆಣೆ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಆಣೆ ಮಾಡುವ ಆ ಬೆಳಗ್ಗೆ ಮನುಷ್ಯ ಪ್ರಾಮಾಣಿಕನಾಗಿಯೇ ಇರುತ್ತಾನೆ. ತೊಂದರೆ ಏನೆಂದರೆ ಅವನು ತನ್ನ ಬಳಿ ಇಲ್ಲದ ಆಸ್ತಿಯನ್ನು ಅಡವಿಡುತ್ತಾನೆ. ನಾಳೆಯಿಂದ ಸಾಯುವವರೆಗಿನ ಅಷ್ಟೂ ದಿನ ಒಂದೇ ಕಂತಿನಲ್ಲಿ. ಆಣೆ ಮುರಿದಾಗ ಕುಡಿತದ ತಪ್ಪಿನ ಜೊತೆ ಮಗಳ ತಲೆಯ ಭಾರವೂ ಸೇರಿಕೊಳ್ಳುತ್ತದೆ. ಆ ಭಾರ ಮರೆಯಲು ಮತ್ತೊಂದು ಕ್ವಾರ್ಟರ್.

ವ್ರತ ಇನ್ನೊಂದು ಬಗೆ. ಅದಕ್ಕೆ ಗಡುವು ಇದೆ. ಅಯ್ಯಪ್ಪನ ಮಾಲೆ ಹಾಕಿಕೊಂಡು 41 ದಿನ ಒಂದು ತೊಟ್ಟು ಮುಟ್ಟದೆ, ತಣ್ಣೀರು ಮಿಂದು, ಬರಿಗಾಲಲ್ಲಿ ಓಡಾಡಿದವರನ್ನು ನಾವೆಲ್ಲ ಕಂಡಿದ್ದೇವೆ. ಹೆಂಡತಿಯರು ನನಗೆ ಹೇಳಿದ್ದಾರೆ, ವರ್ಷದಲ್ಲಿ ನಾವು ನಿದ್ದೆ ಮಾಡೋದು ಆ 41 ದಿನ ಮಾತ್ರ ಅಂತ. ಅದೇ ಹೆಂಗಸರು ಮಾಲೆ ಬಿಚ್ಚುವ ದಿನ ಹತ್ತಿರ ಬಂದಂತೆ ಕ್ಯಾಲೆಂಡರಿನ ಕಡೆ ನೋಡಲು ಹೆದರುತ್ತಿದ್ದರು. ಶ್ರಾವಣಕ್ಕೆಂದು ಬಿಟ್ಟವರಿಗೆ ಶ್ರಾವಣ ಮುಗಿಯುವ ದಿನ ಗೊತ್ತಿರುತ್ತದೆ. ದಿನ ಎಣಿಸುವುದು ನಮಗೆ ಹೊಸದೇನಲ್ಲ. ಆದರೆ ನಾವು ಎಣಿಸುವುದು ಇಳಿಕೆಯ ಲೆಕ್ಕ: ಇನ್ನು ಹತ್ತು ದಿನ, ಇನ್ನು ಐದು ದಿನ.

ಸರ್ಕಾರವೂ ಒಮ್ಮೆ ಎಲ್ಲರಿಗೂ ಇಂಥ ವ್ರತ ಮಾಡಿಸಿತ್ತು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು. ಮದ್ಯದಂಗಡಿಗಳು ಸುಮಾರು 40 ದಿನ ಮುಚ್ಚಿದವು. ಮೇ 4ರಂದು ಬಾಗಿಲು ತೆರೆದಾಗ ಬೆಂಗಳೂರಿನಿಂದ ಹಿಡಿದು ಹೋಬಳಿ ಊರುಗಳವರೆಗೆ ನಿಂತ ಸಾಲು ನಿಮಗೆ ನೆನಪಿರಬಹುದು. ಕೆಲವು ಕಡೆ ಅಂಗಡಿ ಬಾಗಿಲಿಗೆ ಪೂಜೆಯೂ ಆಯಿತು. ಆ 40 ದಿನ ಯಾರ ಲೆಕ್ಕಕ್ಕೂ ಜಮೆಯಾಗಲಿಲ್ಲ. ಸಿಗದೆ ಬಿಟ್ಟದ್ದಕ್ಕೂ ಸಿಗುವಾಗ ಬಿಟ್ಟದ್ದಕ್ಕೂ ಇರುವ ಅಂತರವನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಇನ್ನು ಯಾರೂ ತೋರಿಸಲಾರರು.

ಈ ಚಪ್ಪಾಳೆಯ ಗುಂಪುಗಳು ಹುಟ್ಟಿದ ಅಮೆರಿಕದಲ್ಲೂ ಮೊದಲು ನಡೆದದ್ದು ಆಣೆಯ ದಾರಿಯೇ. 1840ರಲ್ಲಿ ಬಾಲ್ಟಿಮೋರ್ ಊರಿನ ಒಂದು ಹೆಂಡದಂಗಡಿಯಲ್ಲಿ ಕುಡಿಯುತ್ತಾ ಕೂತಿದ್ದ ಆರು ಗೆಳೆಯರು ಇನ್ನು ಮುಟ್ಟುವುದಿಲ್ಲ ಎಂದು ಪ್ರತಿಜ್ಞಾಪತ್ರ ಬರೆದು ಸಹಿ ಹಾಕಿದರು. ವಾಷಿಂಗ್ಟೋನಿಯನ್ ಎಂದು ಹೆಸರಾದ ಆ ಚಳವಳಿಯಲ್ಲಿ ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಕೆಲವೇ ವರ್ಷಗಳಲ್ಲಿ ಅದು ಕರಗಿಹೋಯಿತು. ಸಹಿಗಳನ್ನು ಎಣಿಸಿದರೇ ಹೊರತು ಸಹಿ ಹಾಕಿದವನ ದಿನಗಳನ್ನು ಯಾರೂ ಎಣಿಸಲಿಲ್ಲ ಎಂಬುದು ನನ್ನ ಗುಮಾನಿ. ಇತಿಹಾಸಕಾರರು ಬೇರೆ ಕಾರಣಗಳನ್ನೂ ಕೊಡುತ್ತಾರೆ.

ಇನ್ನು ಆ ಗುಂಪುಗಳು ಮೊದಲಾದ ಆಕ್ರನ್ ಊರಿನ ಕಥೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರುಪೇಟೆಯ ಮನುಷ್ಯ. 1934ರ ಡಿಸೆಂಬರ್‌ನಲ್ಲಿ ಟೌನ್ಸ್ ಆಸ್ಪತ್ರೆಗೆ ನಾಲ್ಕನೆಯ ಸಲ ಸೇರಿ ಕುಡಿತ ಬಿಟ್ಟಿದ್ದ. ಬಿಟ್ಟ ಮೇಲೆ ಕಂಡ ಕಂಡ ಕುಡುಕರಿಗೆಲ್ಲ ಉಪದೇಶ ಮಾಡುತ್ತಾ ತಿರುಗಿದ. ಒಬ್ಬರೂ ಬಿಡಲಿಲ್ಲ. ಸೋತೆ ಎಂದು ಗೊಣಗಿದಾಗ ಹೆಂಡತಿ ಲೋಯಿಸ್ ಎತ್ತಿ ತೋರಿಸಿದ್ದು ಒಂದೇ ಸಂಗತಿ: ಅವರು ಬಿಡದಿದ್ದರೇನು, ಇಷ್ಟು ದಿನ ನೀನು ಕುಡಿದಿಲ್ಲವಲ್ಲ. 1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಒಹಾಯೋ ರಾಜ್ಯದ ಆಕ್ರನ್‌ಗೆ ಹೋದ. ವ್ಯವಹಾರ ಕೈಕೊಟ್ಟಿತು. ಮೇಫ್ಲವರ್ ಹೋಟೆಲಿನ ಪಡಸಾಲೆಯಲ್ಲಿ ಒಬ್ಬನೇ ನಿಂತಿದ್ದ. ಒಂದು ಕಡೆ ಬಾರು, ನಗು, ಗಲಗಲ. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಅವನು ಫೋನಿನ ಕಡೆ ಹೋದ. ನನಗೊಬ್ಬ ಕುಡುಕ ಬೇಕು, ಮಾತಾಡಬೇಕು ಎಂದು ಕೇಳಿದ. ಒಬ್ಬರಿಂದ ಒಬ್ಬರಿಗೆ ದಾಟಿ ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಹೆಂಗಸು ಊರಿನ ಶಸ್ತ್ರವೈದ್ಯ ಬಾಬ್ ಸ್ಮಿತ್ ಅವರ ಹೆಸರು ಹೇಳಿದರು. ಡಾಕ್ಟರು ಆವತ್ತು ಸಿಗುವ ಸ್ಥಿತಿಯಲ್ಲಿರಲಿಲ್ಲ. ಅಮ್ಮಂದಿರ ದಿನಕ್ಕೆಂದು ಹೆಂಡತಿಗೆ ಹೂವಿನ ಕುಂಡ ತಂದಿದ್ದರು. ಕುಂಡ ಮೇಜಿನ ಮೇಲಿತ್ತು, ಡಾಕ್ಟರು ಮೇಜಿನ ಕೆಳಗಿದ್ದರು. ಮಾರನೆಯ ದಿನ, ಮೇ 12ರ ಸಂಜೆ ಐದಕ್ಕೆ ಬಂದರು, ಹದಿನೈದು ನಿಮಿಷ ಮಾತ್ರ ಕೂರುತ್ತೇನೆ ಎಂಬ ಕರಾರಿನ ಮೇಲೆ. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಮುಗಿಯಲಿಲ್ಲ. ಜೂನ್‌ನಲ್ಲಿ ಡಾಕ್ಟರು ಅಮೆರಿಕದ ವೈದ್ಯರ ಸಂಘದ ಸಮ್ಮೇಳನಕ್ಕೆ ಅಟ್ಲಾಂಟಿಕ್ ಸಿಟಿಗೆ ಹೋದರು. ರೈಲು ಹತ್ತಿದವರೇ ಕುಡಿಯತೊಡಗಿದರು. ಕೆಲವು ದಿನದ ಮೇಲೆ ಯಾರೋ ಮನೆಗೆ ತಂದು ಬಿಟ್ಟರು. ಮೂರು ದಿನದಲ್ಲಿ ಒಂದು ಶಸ್ತ್ರಚಿಕಿತ್ಸೆ ಮಾಡಬೇಕಿತ್ತು. ಬಿಲ್ ಪಕ್ಕದಲ್ಲೇ ಇದ್ದು ನೋಡಿಕೊಂಡ. ಆ ಬೆಳಗ್ಗೆ ಡಾಕ್ಟರ ಕೈ ಕತ್ತಿ ಹಿಡಿಯುವಷ್ಟು ನಿಲ್ಲಲಿ ಎಂದು ಬಿಲ್ ಅವರಿಗೆ ಒಂದು ಬಾಟ್ಲಿ ಬಿಯರ್ ಕುಡಿಸಿದ. ಅದೇ ಕೊನೆ. ಶಸ್ತ್ರಚಿಕಿತ್ಸೆ ಮುಗಿಸಿದ ಡಾಕ್ಟರು ಮನೆಗೆ ಬರದೆ ಗಂಟೆಗಟ್ಟಲೆ ಊರು ಸುತ್ತಿ ಸಾಲ ಕೊಟ್ಟವರನ್ನೂ ತಾವು ನೋಯಿಸಿದವರನ್ನೂ ಕಂಡು ಬಂದರು. 1950ರ ನವೆಂಬರ್ 16ರಂದು ತೀರಿಕೊಳ್ಳುವವರೆಗೆ ಮತ್ತೆ ಮುಟ್ಟಲಿಲ್ಲ.

ಆ ಬಿಯರ್ ಕುಡಿದ ದಿನ ಜೂನ್ 10 ಎಂದು ನಂಬಿಕೆ. ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ್ದು 1935ರ ಜೂನ್ 10ರಂದು ಎಂದು ಇಂದಿಗೂ ಜಗತ್ತಿನಾದ್ಯಂತ ಆಚರಿಸುತ್ತಾರೆ. ತಮಾಷೆ ಎಂದರೆ ಆ ವರ್ಷದ ವೈದ್ಯ ಸಮ್ಮೇಳನ ಶುರುವಾದದ್ದೇ ಜೂನ್ 10ಕ್ಕೆ. ಹೋಗಿ, ಕುಡಿದು, ಬಂದು, ಮೂರು ದಿನ ಸುಧಾರಿಸಿಕೊಳ್ಳಬೇಕಾದರೆ ಆ ಬೆಳಗ್ಗೆ ಜೂನ್ 17ರ ಆಸುಪಾಸಿಗೆ ಬೀಳುತ್ತದೆ. ಜಗತ್ತಿನ ಅತ್ಯಂತ ಪ್ರಸಿದ್ಧವಾದ ಕುಡಿತ ಬಿಟ್ಟ ದಿನ ಒಂದು ವಾರ ತಪ್ಪಿದೆ! ಇದನ್ನು ಒಮ್ಮೆ ಹಳೆಯ ಸದಸ್ಯರೊಬ್ಬರಿಗೆ ಹೇಳಿದೆ. ಅವರು ಬೀಡಿ ಆರಿಸಿ, "ಆಗ್ಲಿ ಬಿಡಿ ಮೇಡಂ. ನಮ್ಮಪ್ಪ ಶಾಲೆಗೆ ಸೇರಿಸುವಾಗ ನಂದೂ ಜೂನ್ ಒಂದು ಅಂತಲೇ ಬರೆಸಿದ್ದ. ಹಾಗಂತ ನಾನು ಹುಟ್ಟೇ ಇಲ್ವಾ?" ಎಂದರು.

ಈ ಕಥೆಯಲ್ಲಿ ಯಾರೂ ಆಣೆ ಮಾಡಿಲ್ಲ ಎಂಬುದನ್ನು ಗಮನಿಸಿ. ದಿನಾಂಕವೂ ಹಿಂದಿರುಗಿ ನೋಡಿದಾಗ ಹುಟ್ಟಿದ್ದು. ಆ ಬೆಳಗ್ಗೆ ಬಿಯರ್ ಬಾಟ್ಲಿ ಕೆಳಗಿಟ್ಟಾಗ ಇದೇ ಕೊನೆಯದು ಎಂದು ಡಾಕ್ಟರಿಗಾಗಲಿ ಬಿಲ್‌ಗಾಗಲಿ ಗೊತ್ತಿರಲು ಸಾಧ್ಯವೇ ಇಲ್ಲ. ಆಣೆ ನಾಳೆಯ ಬಗ್ಗೆ ಮಾತಾಡುತ್ತದೆ. ಎಣಿಕೆಗೆ ನಾಳೆ ಗೊತ್ತಿಲ್ಲ, ಆಗಿಹೋದ ದಿನಗಳಷ್ಟೇ ಗೊತ್ತು. ನಮ್ಮ ಗುಂಪುಗಳಲ್ಲಿ ಹೇಳುವ "ಇವತ್ತೊಂದು ದಿನ" ಎಂಬ ಮಾತು ಹೊರಗಿನವರಿಗೆ ಪುಸಲಾಯಿಸುವ ಮಾತಿನ ಹಾಗೆ ಕೇಳಿಸುತ್ತದೆ. ಕೂಲಿಯವನ ಲೆಕ್ಕ ಅದು. ದಿನ ಮುಗಿದ ಮೇಲೆ ಬಟವಾಡೆ, ಮುಂಗಡವಿಲ್ಲ.

ಆಕ್ರನ್ನಿನ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಅಲ್ಲಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಬಾಬ್ ಜೊತೆ ಕುಡುಕರ ಆರೈಕೆ ಮಾಡಿದ ಸಿಸ್ಟರ್ ಇಗ್ನೇಷಿಯಾ ಎಂಬ ಸನ್ಯಾಸಿನಿ. ಮನೆಗೆ ಹೊರಟವರ ಕೈಗೆ ಯೇಸುವಿನ ಪವಿತ್ರ ಹೃದಯದ ಒಂದು ಸಣ್ಣ ಗುರುತನ್ನು ಕೊಡುತ್ತಿದ್ದರು. ಷರತ್ತು ಒಂದೇ: ಮತ್ತೆ ಕುಡಿಯುವುದಾದರೆ ಮೊದಲು ಇದನ್ನು ತಂದು ನನಗೆ ವಾಪಸ್ ಕೊಡಬೇಕು. ಕುಡಿಯಬಾರದು ಎಂದು ಹೇಳಲಿಲ್ಲ ನೋಡಿ. ಬಾರಿಗೂ ಬಾಯಿಗೂ ನಡುವೆ ಸಿಸ್ಟರನ್ನು ಕಾಣುವ ಒಂದು ನಡಿಗೆಯನ್ನು ಸೇರಿಸಿದರು. ಚಟದ ಕೆಲಸ ಬಲ್ಲವರಿಗೆ ಗೊತ್ತು, ತಡೆಯಲಾಗದ ಆಸೆ ಬಹಳ ಹೊತ್ತು ನಿಲ್ಲುವುದಿಲ್ಲ. ಅಲೆ ಎದ್ದು ಇಳಿಯುವಷ್ಟು ಹೊತ್ತು ಮನುಷ್ಯ ಬೇರೆಲ್ಲಾದರೂ ಇದ್ದರೆ ಸಾಕು. ಎಷ್ಟು ದಿನವಾಯಿತು ಎಂದು ಕೇಳಿದರೆ ನಮ್ಮವರ ಕೈ ಈಗಲೂ ತಾನಾಗಿ ಜೇಬಿಗೆ ಹೋಗುತ್ತದೆ. ಅಲ್ಲಿ ಬಿಲ್ಲೆ ಇರುತ್ತದೆ.

ಬಿಲ್ಲೆಗಳ ವಿವರಕ್ಕೆ ಹೆಚ್ಚು ಹೊತ್ತು ಕೊಡುವುದಿಲ್ಲ. ಮೊದಲ 24 ಗಂಟೆಗೆ, 30, 60, 90 ದಿನಕ್ಕೆ, ಆರು ಮತ್ತು ಒಂಬತ್ತು ತಿಂಗಳಿಗೆ ಸಾಮಾನ್ಯವಾಗಿ ಬಣ್ಣದ ಹಗುರ ಬಿಲ್ಲೆ. ವರ್ಷಕ್ಕೆ ಲೋಹದ್ದು, ಮೇಲೆ ರೋಮನ್ ಅಂಕಿ. ಬಣ್ಣಗಳು ಊರಿಂದೂರಿಗೆ ಬೇರೆ, ಬಿಲ್ಲೆಯೇ ಇಲ್ಲದ ಗುಂಪುಗಳೂ ಇವೆ. ಮಾದಕ ವಸ್ತು ಬಿಟ್ಟವರ ಗುಂಪಾದ ನಾರ್ಕೋಟಿಕ್ಸ್ ಅನಾನಿಮಸ್‌ನವರದ್ದು ಇನ್ನೂ ಬುದ್ಧಿವಂತಿಕೆ. ಅವರು ಕೊಡುವುದು ಕೀಚೈನಿನ ಪಟ್ಟಿ. ಹೊಸಬರಿಗೆ ಬಿಳಿ, 30 ದಿನಕ್ಕೆ ಕಿತ್ತಳೆ, 60ಕ್ಕೆ ಹಸಿರು, 90ಕ್ಕೆ ಕೆಂಪು. ಒಂದು ವರ್ಷದ್ದು ಕತ್ತಲಲ್ಲಿ ಹೊಳೆಯುತ್ತದೆ. ಬೈಕಿನ ಕೀಗೆ ನೇತುಹಾಕಿಕೊಂಡ ಹುಡುಗನೊಬ್ಬ ನನಗೆ ಹೇಳಿದ: "ಮೇಡಂ, ಗಾಡಿ ಆ ರಸ್ತೆಗೆ ತಿರುಗ್ಸೋ ಮೊದ್ಲು ಕೀ ತಿರುಗಿಸ್ಬೇಕಲ್ಲ."

ಅಂಕಿಗಳು ಮನಸ್ಸಿಗೆ ಬಂದ ಹಾಗೆ ಆರಿಸಿದವೂ ಅಲ್ಲ. ವಿಪರೀತ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆಯ ಮೇಲೆ ಹುಳ ಹರಿದಾಡುವುದು ಕಾಣುತ್ತದೆ, ಪ್ರಾಣವೂ ಹೋಗಬಹುದು. ಸಭೆಯಲ್ಲಿರುವ ಯಾರಾದರೂ ಮನೆಯವರನ್ನು ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಮೊದಲು ಡಾಕ್ಟರ ಬಳಿ ಹೋಗಿ. ಇದು ಉಪನ್ಯಾಸದ ಭಾಗವಲ್ಲ, ಆದರೂ ಹೇಳದೆ ಇರಲಾರೆ. ಅದು ದಾಟಿದ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಿದ್ದೆ ಬರುವುದಿಲ್ಲ. ಮತ್ತೆ ಜಾರುವವರಲ್ಲಿ ಹೆಚ್ಚಿನವರು ಜಾರುವುದು ಮೊದಲ ಕೆಲವು ತಿಂಗಳಲ್ಲೇ. ಗುರುತುಗಳು ಆರಂಭದಲ್ಲಿ ಒತ್ತೊತ್ತಾಗಿ, ಆಮೇಲೆ ವಿರಳವಾಗಿ ಇರುವುದು ಅದಕ್ಕೇ. ಘಾಟಿ ರಸ್ತೆಯ ತಿರುವುಗಳಲ್ಲಿ ಕಲ್ಲುಗಳನ್ನು ಹತ್ತಿರ ಹತ್ತಿರ ನೆಡುತ್ತಾರಲ್ಲ, ಹಾಗೆ. ಕುಡಿತದ ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಿ ನೋಡಿದ ಹಾರ್ವರ್ಡಿನ ಮನೋವೈದ್ಯ ಜಾರ್ಜ್ ವೈಲಂಟ್ ಕಂಡುಕೊಂಡದ್ದು, ಐದು ವರ್ಷ ದಾಟಿದವರು ಮರಳಿ ಬೀಳುವುದು ಅಪರೂಪ ಎಂದು.

ಎ.ಎ. ಭಾರತಕ್ಕೆ ಬಂದದ್ದು 1957ರಲ್ಲಿ. ಅದರಿಂದ ನಿಜವಾಗಿ ಪ್ರಯೋಜನ ಇದೆಯೇ ಎಂದು ವೈದ್ಯರು ಬಹಳ ಕಾಲ ಅನುಮಾನಪಟ್ಟರು. ನಾನೂ ಪಟ್ಟವಳೇ. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಕೂಡಿಸಿ ನೋಡಿದರು. ಎ.ಎ. ಕಡೆಗೆ ಕ್ರಮವಾಗಿ ದಾಟಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಕೊನೆಗೆ ಪೂರ್ತಿ ಬಿಟ್ಟವರು ನೂರಕ್ಕೆ 42, ಬೇರೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 35. ಪವಾಡವಲ್ಲ. ನೂರರಲ್ಲಿ 58 ಜನ ವರ್ಷದ ಕೇಕಿನವರೆಗೆ ತಲುಪಲಿಲ್ಲ ಎಂದೂ ಇದನ್ನು ಓದಬಹುದು. ನಾನು ಹಾಗೂ ಓದುತ್ತೇನೆ.

ಆ 58 ಜನರ ಬಗ್ಗೆ ಮಾತಾಡದಿದ್ದರೆ ಈ ಎಣಿಕೆಯ ಕ್ರೌರ್ಯ ತಿಳಿಯುವುದಿಲ್ಲ. ನಾಲ್ಕು ವರ್ಷ ಮುಟ್ಟದವನು ಒಂದು ಮದುವೆ ಮನೆಯಲ್ಲಿ ಅರ್ಧ ಗ್ಲಾಸು ಕುಡಿದರೆ ಮಾರನೆಯ ದಿನ ಅವನ ಲೆಕ್ಕ ಒಂದು. ಸಾವಿರದ ನಾನ್ನೂರು ಚಿಲ್ಲರೆ ದಿನ ಎಲ್ಲಿಗೆ ಹೋದವು? ಅಲನ್ ಮಾರ್ಲಟ್ ಎಂಬ ಮನೋವಿಜ್ಞಾನಿ ಇದನ್ನೇ ಬೆನ್ನುಹತ್ತಿದವರು. ಮೊದಲ ಗುಟುಕಿಗಿಂತ ಹೆಚ್ಚು ಹಾಳು ಮಾಡುವುದು ಗುಟುಕಿನ ನಂತರದ ಯೋಚನೆ ಎಂದು ಅವರ ವಾದ. ಹೇಗೂ ಮುರಿಯಿತು, ಹೇಗೂ ನಾನು ಇಷ್ಟೇ, ಇನ್ನು ಕುಡಿದರೇನು ಎಂಬ ಯೋಚನೆ. ಲೆಕ್ಕ ದೊಡ್ಡದಾದಷ್ಟೂ ಬೀಳುವ ಎತ್ತರ ದೊಡ್ಡದು. ಹತ್ತು ವರ್ಷದವರೊಬ್ಬರು ಜಾರಿ, ಅದನ್ನು ಮುಚ್ಚಿಟ್ಟು, ಹನ್ನೊಂದನೆಯ ವರ್ಷದ ಬಿಲ್ಲೆಯನ್ನೂ ತೆಗೆದುಕೊಂಡದ್ದನ್ನು ನಾನು ಬಲ್ಲೆ. ಆ ಬಿಲ್ಲೆ ಜೇಬಿನಲ್ಲಿ ಕೆಂಡದ ಹಾಗಿತ್ತು ಎಂದು ಅವರೇ ಆಮೇಲೆ ಸಭೆಯಲ್ಲಿ ಹೇಳಿದರು. ನಾಲ್ಕು ವರ್ಷದ ದಿನಗಳು ಎಲ್ಲಿಗೂ ಹೋಗುವುದಿಲ್ಲ, ಮಗಳ ಫೀಸು ಕಟ್ಟಿದ್ದು ಆ ದಿನಗಳಲ್ಲೇ, ಲಿವರು ಸುಧಾರಿಸಿದ್ದು ಆ ದಿನಗಳಲ್ಲೇ ಎಂದು ನಾನು ಅಂಥವರಿಗೆ ಹೇಳುತ್ತಿದ್ದೆ. ಗುಂಪಿನ ಹಿರಿಯರು ಮಾತ್ರ ಲೆಕ್ಕ ಒಂದರಿಂದಲೇ ಎಂದು ಪಟ್ಟು ಹಿಡಿಯುತ್ತಿದ್ದರು. ಈ ಜಗಳ ನಮ್ಮ ನಡುವೆ ಇನ್ನೂ ತೀರ್ಮಾನವಾಗಿಲ್ಲ.

ಆದರೆ ಎ.ಎ.ಯ ಹುಟ್ಟಿನಲ್ಲೇ ಎಬಿ ಥ್ಯಾಚರ್ ಎಂಬೊಬ್ಬ ಮನುಷ್ಯ ಇದ್ದಾನೆ. ಬಿಲ್‌ಗೆ ಬಿಡುವ ದಾರಿಯನ್ನು ಮೊದಲು ತೋರಿಸಿದ ಹಳೆಯ ಗೆಳೆಯ ಅವನು. ದಾರಿ ತೋರಿಸಿದವನೇ ಆಮೇಲೆ ಮತ್ತೆ ಮತ್ತೆ ಬಿದ್ದ. ಬಿಲ್‌ನ ಲೆಕ್ಕ ವರ್ಷ ವರ್ಷ ಬೆಳೆದರೆ ಎಬಿಯದ್ದು ಮತ್ತೆ ಮತ್ತೆ ಒಂದಕ್ಕೆ ಬರುತ್ತಿತ್ತು. 1966ರಲ್ಲಿ ತೀರಿಕೊಂಡಾಗ ಅವನು ಬಿಟ್ಟು ಎರಡು ವರ್ಷದ ಮೇಲಾಗಿತ್ತು, ಅಷ್ಟೇ. ಬಿಲ್ ಮಾತ್ರ ಕೊನೆಯವರೆಗೂ ಅವನನ್ನು ತನ್ನ ಸ್ಪಾನ್ಸರ್ ಎಂದೇ ಕರೆದ. ನಮ್ಮಲ್ಲಿ ಗುರು ಎನ್ನುತ್ತಾರಲ್ಲ, ಆ ಸ್ಥಾನ.

ಹೆಂಡತಿಯರ ಎಣಿಕೆ ಬೇರೆಯೇ. ಲೋಯಿಸ್ ವಿಲ್ಸನ್ 1951ರಲ್ಲಿ ಮನೆಯವರಿಗಾಗಿ ಅಲ್-ಅನಾನ್ ಶುರು ಮಾಡಿದ್ದು ಅದಕ್ಕೇ. ಗಂಡನ ಒಂದು ವರ್ಷದ ದಿನ ಮಾತಾಡಿ ಎಂದು ಬಲವಂತ ಮಾಡಿದಾಗ ಎದ್ದು ನಿಂತ ಒಬ್ಬಾಕೆ ಹೇಳಿದ್ದು ಇಷ್ಟು: "ಇವ್ರು ಬಿಟ್ಟು ಒಂದು ವರ್ಷ ಆಯ್ತು ಅಂತಾರೆ. ಗೇಟಿನ ಸದ್ದು ಕೇಳಿದ್ರೆ ನನ್ನೆದೆ ಹೊಡ್ಕೊಳ್ಳೋದು ಇನ್ನೂ ಬಿಟ್ಟಿಲ್ಲ. ಅದು ಬಿಟ್ಟ ದಿನ ನಾನೇ ಹೇಳ್ತೀನಿ, ಆವಾಗ ಕೇಕ್ ತನ್ನಿ." ಕುಡಿಯುವ ಹೆಂಗಸರ ಪಾಡು ಇನ್ನೊಂದು. ನನ್ನ ವಾರ್ಡಿಗೆ ಬಂದವರಲ್ಲಿ ಬಹುಪಾಲು ಹೆಂಗಸರು ಯಾವ ಗುಂಪಿಗೂ ಹೋಗಲಿಲ್ಲ. ಒಬ್ಬಾಕೆ ಏಳು ವರ್ಷದ ಲೆಕ್ಕವನ್ನು ಅಡುಗೆಮನೆಯ ಸಾಸಿವೆ ಡಬ್ಬಿಯ ಮುಚ್ಚಳದ ಒಳಗೆ ಗೀಟು ಎಳೆದು ಇಟ್ಟಿದ್ದರು.

ನಮ್ಮ ರಾಜ್ಯದಲ್ಲಿ ಎ.ಎ.ಯ ಅನಾಮಧೇಯತೆಗೆ ಪೂರ್ತಿ ಎದುರಾದ ಇನ್ನೊಂದು ದಾರಿ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರ. ಬಿಟ್ಟವರ ನವಜೀವನ ಸಮಿತಿ, ನೂರು ದಿನ ತುಂಬಿದಾಗ ಶತದಿನೋತ್ಸವ. ಅಲ್ಲಿ ಎಲ್ಲವೂ ಬಹಿರಂಗ. ವೇದಿಕೆ, ಮೈಕು, ಹೆಸರು, ಗುಂಪಿನ ಫೋಟೊ, ಎದುರಿಗೆ ಹೆಂಡತಿ ಮಕ್ಕಳು. ಅನಾಮಧೇಯತೆಯ ಶಿಸ್ತಿನಲ್ಲಿ ಬೆಳೆದ ನನಗೆ ಮೊದಲು ಇದು ದಿಗಿಲು ಹುಟ್ಟಿಸಿತು. ಆಮೇಲೆ ಒಂದು ಶತದಿನೋತ್ಸವದಲ್ಲಿ ಪಕ್ಕದಲ್ಲಿ ಕೂತ ಅಜ್ಜಿ ನನ್ನ ಅನುಮಾನ ಕೇಳಿ ನಕ್ಕರು. "ಹೆಸ್ರು ಮುಚ್ಚಿಡಾಕೆ ಏನೈತವ್ವ? ನನ್ನ ಮಗ ಯಾವ್ಯಾವ ಚರಂಡೀಲಿ ಬಿದ್ದಿದ್ದ ಅಂತ ಊರಿಗೇ ಗೊತ್ತು. ಎದ್ದದ್ದೂ ಗೊತ್ತಾಗ್ಲಿ." ಹೌದಲ್ಲ! ಹಳ್ಳಿಯಲ್ಲಿ ಕುಡಿತಕ್ಕೆ ಅನಾಮಧೇಯತೆ ಇಲ್ಲದ ಮೇಲೆ ಬಿಟ್ಟದ್ದಕ್ಕೆ ಯಾಕಿರಬೇಕು? ಗುಟ್ಟಾಗಿ ಕುಡಿದವರಿಗೆ ಗುಟ್ಟಾದ ಕೋಣೆ, ಬೀದಿಯಲ್ಲಿ ಮಾನ ಕಳೆದುಕೊಂಡವರಿಗೆ ಬೀದಿಯಲ್ಲೇ ಮಾನ. ಅಲ್ಲೂ ಒಂದು ಭೇದ ಗಮನಿಸಿದೆ: ನೂರು ದಿನ ಅಷ್ಟೂ ಜನರಿಗೆ ಒಟ್ಟಿಗೆ ತುಂಬುತ್ತದೆ. ಒಬ್ಬನನ್ನೇ ಎತ್ತಿ ನಿಲ್ಲಿಸುವುದಿಲ್ಲ.

ನಾನು ಎತ್ತಿ ನಿಲ್ಲಿಸಿದೆ. ಹೇಳಬೇಕಾದ್ದು ಇದು.

ಜೂನ್ 26 ಮಾದಕ ವಸ್ತುಗಳ ವಿರುದ್ಧದ ಅಂತರರಾಷ್ಟ್ರೀಯ ದಿನ. ಆಸ್ಪತ್ರೆಗಳಲ್ಲಿ ಕಾರ್ಯಕ್ರಮ ಇದ್ದೇ ಇರುತ್ತದೆ. ಒಂದು ವರ್ಷ ಅದರ ಹೊಣೆ ನನ್ನದು. ನನ್ನ ಬಳಿ ಬರುತ್ತಿದ್ದ ಬಡಗಿ ಕೆಲಸದವರೊಬ್ಬರಿಗೆ ಅದೇ ವಾರ 90 ದಿನ ತುಂಬಿತ್ತು. ಇವರನ್ನು ಕರೆದು ಸನ್ಮಾನ ಮಾಡಿದರೆ ಉಳಿದವರಿಗೆ ಸ್ಫೂರ್ತಿ ಎಂದುಕೊಂಡೆ. ಗುಂಪಿನ ಹಿರಿಯರೊಬ್ಬರು, ಇಪ್ಪತ್ತೆರಡು ವರ್ಷದವರು, ಬೇಡ ಮೇಡಂ ಎಂದರು. ಯಾಕೆ ಎಂದೆ. "ನಾವು ಕೊಡೋದು ರಸೀದಿ. ನೀವು ಕೊಡ್ತಿರೋದು ಪ್ರಶಸ್ತಿ" ಎಂದರು. ನನಗೆ ಅರ್ಥವಾಗಲಿಲ್ಲ, ಅಥವಾ ಆಗುವಷ್ಟು ಪುರುಸೊತ್ತು ಇರಲಿಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ದೊಡ್ಡವರೊಬ್ಬರು ಅವರ ಭುಜದ ಮೇಲೆ ಕೈಯಿಟ್ಟು, ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಸಭೆಗೆ ಮಾತು ಕೊಡಿ ಎಂದರು. ಅವರು ಕೊಟ್ಟರು. ಮೂರು ತಿಂಗಳು ಆಣೆಯಿಲ್ಲದೆ ನಡೆದಿದ್ದವರಿಂದ ಮುನ್ನೂರು ಜನರ ಎದುರು ಆಣೆ ಮಾಡಿಸಿದೆವು. ಮಾರನೆಯ ದಿನ ಪತ್ರಿಕೆಯಲ್ಲಿ ಹೆಸರು, ಊರು, ಫೋಟೊ.

ಹನ್ನೊಂದನೇ ದಿನ ಕುಡಿದರು. ಬಾರಿನಲ್ಲಿ ಯಾರೋ, ಪೇಪರ್‌ನೋರು ಬಂದ್ರು ದಾರಿ ಬಿಡ್ರೋ ಎಂದರಂತೆ. ಆಮೇಲೆ ಏಳು ತಿಂಗಳು ಪತ್ತೆ ಇಲ್ಲ. ನಾನು ಎರಡು ಸಲ ಮನೆಯ ಹತ್ತಿರ ಹೋದೆ. ಎರಡು ಸಲವೂ ಅವರು ಹಿತ್ತಿಲಿನಿಂದ ಹೊರಗೆ ಹೋದರು ಎಂದು ತಾಯಿ ಹೇಳಿದರು.

ಫೆಬ್ರವರಿಯ ಒಂದು ಗುರುವಾರ ಅದೇ ಶಾಲೆಯ ಕೊಠಡಿಗೆ ಬಂದರು. ಬಾಗಿಲಲ್ಲೇ ನಿಂತರು. ಕೆಲವು ಸಭೆಗಳಲ್ಲಿ ಕೊನೆಗೆ ಒಂದು ಪದ್ಧತಿ ಇದೆ: ಇಪ್ಪತ್ತು ವರ್ಷ ದಾಟಿದವರು ಏಳಿ, ಹತ್ತು ದಾಟಿದವರು ಏಳಿ, ಐದು, ಒಂದು, ಆರು ತಿಂಗಳು, ಹೀಗೆ ಇಳಿಯುತ್ತಾ ಬಂದು ಕೊನೆಗೆ, ಇವತ್ತೇ ಮೊದಲ ದಿನದವರು ಯಾರಾದರೂ ಇದ್ದೀರಾ ಎಂದು ಕೇಳುತ್ತಾರೆ. ಆಗ ಎದ್ದವರಿಗೆ ಸಿಗುವಷ್ಟು ದೊಡ್ಡ ಚಪ್ಪಾಳೆ ಇಪ್ಪತ್ತು ವರ್ಷದವರಿಗೆ ಸಿಗುವುದಿಲ್ಲ. ಬಡಗಿ ಕೈ ಎತ್ತಿದರು. ಇಪ್ಪತ್ತೆರಡು ವರ್ಷದವರು, ಅಷ್ಟೊತ್ತಿಗೆ ಇಪ್ಪತ್ಮೂರು, ಹೋಗಿ ಬಿಲ್ಲೆ ಕೊಟ್ಟು ತಮ್ಮ ಬೆಂಚಿನಲ್ಲಿ ಸರಿದು ಜಾಗ ಮಾಡಿದರು.

ಸಭೆ ಮುಗಿದು ಟೀ ಕುಡಿಯುವಾಗ ಅವರು ನನ್ನ ಹತ್ತಿರ ಬಂದರು. ಕ್ಷಮೆ ಕೇಳಬೇಕಾದವಳು ನಾನು, ಮಾತು ಹುಡುಕುತ್ತಿದ್ದೆ. ಅವರೇ ತಗ್ಗಿದ ದನಿಯಲ್ಲಿ ಕೇಳಿದರು: "ಮೇಡಂ, ಆ ಶಾಲು ವಾಪಸ್ ಕೊಡ್ಬೇಕಾ?"

ಬೇಡ, ಇಟ್ಟುಕೊಳ್ಳಿ ಎಂದೆ.

"ಅವ್ವ ಹೊದ್ಕೊಂತಾಳೆ, ಅದ್ಕೇ ಕೇಳ್ದೆ" ಎಂದರು.

ಆಮೇಲಿನದು ಅವರ ಲೆಕ್ಕ. ಅದನ್ನು ಇಲ್ಲಿ ಹೇಳುವ ಹಕ್ಕು ನನಗಿಲ್ಲ.